ಹಳೇ ಸೋಲಾರ್ ಪ್ಯಾನೆಲ್ ಎಲ್ಲಿಗೆ ತಂದು ಕೊಡಲಿ?

ಪ್ಯಾನೆಲ್ ಮಾಡುವವರಿಗೆ, ಮಾರುವವರಿಗೆ, ಇದಕ್ಕೆ ಕಾನೂನು ಬರೆಯುವವರಿಗೆ,

ನಮಸ್ಕಾರ.

ನಮ್ಮ ಮನೆ ಗೋಡೆಗೆ ಮೂರು ಸೋಲಾರ್ ಪ್ಯಾನೆಲ್ ಒರಗಿಸಿಟ್ಟಿದ್ದೇನೆ. ತಾರಸಿಯಿಂದ ಇಳಿಸಿ ನಾಲ್ಕು ತಿಂಗಳಾಯ್ತು. ಒಂದರ ಗಾಜು ಒಡೆದಿದೆ. ಇನ್ನೊಂದರ ಮೂಲೆಯಲ್ಲಿ ಕಂದು ಬಣ್ಣದ ಸುಟ್ಟ ಕಲೆ ಬಿದ್ದಿದೆ. ಮೂರನೆಯದಕ್ಕೆ ಏನೂ ಆಗಿಲ್ಲ. ಆದರೆ ಹೊಸ ಪ್ಯಾನೆಲ್‌ಗಳ ಜೊತೆ ಒಂದೇ ಸಾಲಿನಲ್ಲಿ ಇದನ್ನು ಜೋಡಿಸಿದರೆ ಇಡೀ ಸಾಲು ಇದರ ಮಟ್ಟಕ್ಕೆ ಇಳಿಯುತ್ತದೆ ಅಂತ ಹೇಳಿ, ಫಿಟ್ಟಿಂಗ್‌ಗೆ ಬಂದವರು ಅದನ್ನೂ ಬಿಚ್ಚಿ ಕೆಳಗಿಟ್ಟರು.

"ಹಳೇದನ್ನ ಏನು ಮಾಡ್ಲಿ?" ಅಂತ ಕೇಳಿದೆ. "ಅದು ನಮಗೆ ಬರಲ್ಲ ಸಾರ್" ಅಂದರು. ಪ್ಯಾನೆಲ್ ಹಿಂದೆ ಲೇಬಲ್ ಇತ್ತು, ಅದನ್ನು ನೋಡಿ ಕಂಪನಿಗೆ ಫೋನ್ ಮಾಡಿದೆ. ವಾರಂಟಿ ವಿಭಾಗಕ್ಕೆ ಕೊಟ್ಟರು. ಅವರು ಮಾರಾಟ ವಿಭಾಗಕ್ಕೆ ಕೊಟ್ಟರು. ಮಾರಾಟದವರು ಹೊಸ ಮಾಡೆಲ್ ಎಷ್ಟು ಚೆನ್ನಾಗಿದೆ ಅಂತ ಶುರು ಮಾಡಿದರು. ಕೊನೆಗೆ ಗುಜರಿಯವರನ್ನು ಕರೆದೆ. ಅವರು ಬಂದು ಫ್ರೇಮ್ ತಟ್ಟಿ ನೋಡಿದರು, ವೈರ್ ಹಿಡಿದು ನೋಡಿದರು. "ಅಲ್ಯೂಮಿನಿಯಂ ಮತ್ತೆ ವೈರ್ ಬಿಚ್ಕೊಂಡು ಹೋಗ್ತೀನಿ, ಗಾಜು ನೀವೇ ಇಟ್ಕೊಳ್ಳಿ" ಅಂದರು. ಇಷ್ಟು ಜನರಲ್ಲಿ ನೇರವಾಗಿ ಮಾತಾಡಿದ್ದು ಅವರೊಬ್ಬರೇ.

ಈ ಪತ್ರ ಓದಿ "ನೋಡಿದ್ರಾ, ಸೋಲಾರ್ ಕೂಡ ಕೊಳಕೇ" ಅಂತ ಹಂಚಿಕೊಳ್ಳಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ, ಸ್ವಲ್ಪ ತಡೀರಿ. ಒಂದು ಪ್ಯಾನೆಲ್ ಮಾಡಲು ಖರ್ಚಾದ ಶಕ್ತಿಯನ್ನು ಅದು ಹೆಚ್ಚೆಂದರೆ ಎರಡು ಮೂರು ವರ್ಷದಲ್ಲಿ ವಾಪಸ್ ಕೊಡುತ್ತದೆ. ಆಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಸುಮ್ನೆ ಬಿಸಿಲಲ್ಲಿ ಮಲಗಿ ಕರೆಂಟ್ ಕೊಡುತ್ತಾ ಇರುತ್ತದೆ. ಕಲ್ಲಿದ್ದಲು ಸ್ಥಾವರದ ಹಾರುಬೂದಿ ರಾಶಿಯ ಮುಂದೆ ಪ್ಯಾನೆಲ್ ಕಸ ಲೆಕ್ಕಕ್ಕೇ ಬರುವುದಿಲ್ಲ. ನಾನು ಹೊಸ ಪ್ಯಾನೆಲ್ ಹಾಕಿಸಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಸೋಲಾರ್ ಬೇಕು ಅಂತ ನಂಬಿದವನಿಗೇ ಈ ಪ್ರಶ್ನೆ ಕೇಳುವ ಹಕ್ಕು ಜಾಸ್ತಿ ಇದೆ ಅಲ್ವಾ?

ಕನ್ನಡದಲ್ಲಿ ಒಂದು ತೊಂದರೆ ಇದೆ. ಇದ್ದದ್ದನ್ನು ಇದ್ದ ಹಾಗೇ ಮತ್ತೆ ಬಳಸಿದರೂ ಮರುಬಳಕೆ ಅನ್ನುತ್ತೇವೆ, ಪುಡಿ ಮಾಡಿ ಕರಗಿಸಿ ಬೇರೆ ಏನೋ ಮಾಡಿದರೂ ಮರುಬಳಕೆ ಅನ್ನುತ್ತೇವೆ. ಎರಡಕ್ಕೂ ಆಕಾಶ ಭೂಮಿ ಅಂತರ. ನಿಮ್ಮ ಜಾಹೀರಾತುಗಳು ಇದೇ ಗೊಂದಲದಲ್ಲಿ ಆರಾಮಾಗಿ ಕೂತಿವೆ. ಹಾಗಾಗಿ ನಾನು ಮೊದಲನೆಯದಕ್ಕೆ ಮಾತ್ರ ಮರುಬಳಕೆ ಅಂತ ಬರೆಯುತ್ತೇನೆ, ಎರಡನೆಯದಕ್ಕೆ ರೀಸೈಕಲ್ ಅಂತ.

ಗೋಡೆಗೆ ಒರಗಿರುವ ಆ ಮೂರನೇ ಪ್ಯಾನೆಲ್ ವಿಷಯಕ್ಕೆ ಬರುತ್ತೇನೆ. ಒಂದು ದಿನ ಮಧ್ಯಾಹ್ನ ಅದನ್ನು ಬಿಸಿಲಿಗೆ ತಿರುಗಿಸಿ, ಮೀಟರ್ ಇಟ್ಟು ನೋಡಿದೆ. 35 ವೋಲ್ಟ್ ತೋರಿಸಿತು! ಬೆಳಕು ಬಿದ್ದರೆ ಸಾಕು, ಅದಕ್ಕೆ ತನ್ನನ್ನು ತಾರಸಿಯಿಂದ ಇಳಿಸಿದ್ದಾರೆ ಅಂತ ಗೊತ್ತಾಗುವುದಿಲ್ಲ, ಪಾಪ. ಪ್ಯಾನೆಲ್‌ಗೆ ಆಫ್ ಮಾಡುವ ಸ್ವಿಚ್ ಇಲ್ಲ. ಒಂದೇ ಒಂದು ಪ್ಯಾನೆಲ್ ಆದರೆ ಅಷ್ಟು ಭಯ ಇಲ್ಲ. ಹತ್ತು ಹನ್ನೆರಡು ಒಂದೇ ಸಾಲಲ್ಲಿ ಜೋಡಿಸಿದ್ದಾಗ 400 ವೋಲ್ಟ್‌ವರೆಗೂ ಹೋಗುತ್ತದೆ, ಅದೂ ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್, ಕಿಡಿ ಹತ್ತಿಕೊಂಡರೆ ತಾನಾಗಿ ಆರುವುದಿಲ್ಲ. ಇಂಥದ್ದನ್ನು ಬಿಚ್ಚಲು ತರಬೇತಿ ಇಲ್ಲದ ಹುಡುಗರನ್ನು ಒಂದು ಕಟಿಂಗ್ ಪ್ಲೇಯರ್ ಕೊಟ್ಟು ತಾರಸಿ ಹತ್ತಿಸುತ್ತಾರೆ.

ಆ ಪ್ಲೇಯರ್ ಇನ್ನೊಂದು ಅನಾಹುತವನ್ನೂ ಮಾಡುತ್ತದೆ. ಪ್ಯಾನೆಲ್ ಹಿಂದೆ ಕೈಯಗಲದ ಕಪ್ಪು ಡಬ್ಬಿ ಇರುತ್ತದೆ, ಜಂಕ್ಷನ್ ಬಾಕ್ಸ್. ಅದರಿಂದ ಎರಡು ವೈರ್ ಹೊರಬರುತ್ತವೆ. ತಾಮ್ರದ ಆಸೆಗೆ ಅದನ್ನು ಡಬ್ಬಿಯ ಬುಡಕ್ಕೇ ಕತ್ತರಿಸಿಬಿಟ್ಟರೆ ಇನ್ನೂ ಹತ್ತು ವರ್ಷ ಬಾಳಬಹುದಾಗಿದ್ದ ಪ್ಯಾನೆಲ್ ಅದೇ ಕ್ಷಣ ಕಸವಾಗುತ್ತದೆ. ಸರಿಯಾಗಿ ಬಿಚ್ಚಿ, ಕರೆಂಟ್ ಹೊರಗೆ ಸೋರುತ್ತಿಲ್ಲ ಅಂತ ಪರೀಕ್ಷಿಸಿ, ಎಷ್ಟು ವ್ಯಾಟ್ ಕೊಡುತ್ತದೆ ಅಂತ ಅಳೆದು ಚೀಟಿ ಅಂಟಿಸಿದರೆ ಒಂದು ಪಂಪಿಗೋ ದಾರಿದೀಪಕ್ಕೋ ಆಗುತ್ತಿತ್ತು. ರೀಸೈಕಲ್ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಅಳೆಯುವವರು ಯಾರು, ಅಳೆದ ಮೇಲೆ ಆರು ತಿಂಗಳಲ್ಲಿ ಕೆಟ್ಟರೆ ಕೇಳುವುದು ಯಾರನ್ನ? ಇದಕ್ಕೆ ಉತ್ತರ ಇಲ್ಲದಿದ್ದರೆ ಹಳೇ ಪ್ಯಾನೆಲ್ ಸಂತೆ ಅಂದರೆ ಕಸವನ್ನು ಬಡವರ ಮನೆಗೆ ಸಾಗಿಸುವ ಇನ್ನೊಂದು ದಾರಿ ಅಷ್ಟೆ. ಶ್ರೀಮಂತ ದೇಶಗಳಿಂದ "ಸೆಕೆಂಡ್ ಹ್ಯಾಂಡ್" ಹೆಸರಲ್ಲಿ ಹಡಗು ಹತ್ತುವ ಪ್ಯಾನೆಲ್‌ಗಳಿಗೂ ಈ ಪ್ರಶ್ನೆ ಕೇಳಬೇಕು. ಒಂದೊಂದನ್ನೂ ಪರೀಕ್ಷಿಸಿದ ಕಾಗದ ಜೊತೆಗೆ ಇಲ್ಲದಿದ್ದರೆ ಅದು ಕಸ ಅಂತಲೇ ಲೆಕ್ಕ ಹಿಡಿಯಿರಿ.

ಈಗ ಒಡೆದ ಪ್ಯಾನೆಲ್. ಅದರ ಗಾಜು ಸಾವಿರ ಚೂರಾಗಿದೆ, ಆದರೂ ಒಂದು ಚೂರೂ ಕೆಳಗೆ ಬಿದ್ದಿಲ್ಲ. ಉಗುರಲ್ಲಿ ಕೆರೆದು ನೋಡಿದೆ, ಬರಲಿಲ್ಲ. ಸಮಸ್ಯೆಯ ಮೂಲ ಇರುವುದು ಇಲ್ಲೇ. ಗಾಜಿಗೂ, ಒಳಗೆ ಬಿಸಿಲನ್ನು ಕರೆಂಟ್ ಮಾಡುವ ಸಿಲಿಕಾನ್ ಬಿಲ್ಲೆಗಳಿಗೂ ನಡುವೆ ಇವಿಎ ಅನ್ನುವ ಪ್ಲಾಸ್ಟಿಕ್ ಪದರ ಇದೆ. ಕಾರ್ಖಾನೆಯಲ್ಲಿ ಬಿಸಿ ಮಾಡಿ ಒತ್ತಿದಾಗ ಅದು ಗಟ್ಟಿಯಾಗಿ ಅಂಟುತ್ತದೆ, ಮತ್ತೆ ಬಿಸಿ ಮಾಡಿದರೆ ಮೇಣದ ಹಾಗೆ ಕರಗುವುದಿಲ್ಲ. ಮಳೆ, ಬಿಸಿಲು, ಧೂಳು ಯಾವುದೂ 25 ವರ್ಷ ಒಳಗೆ ಹೋಗಬಾರದು ಅಂತಲೇ ಹೀಗೆ ಮಾಡಿದ್ದು. ತುಂಬಾ ಚೆನ್ನಾಗಿ ಮಾಡಿದ್ದೀರಿ, ಬೇಕಾದವರೂ ಒಳಗೆ ಹೋಗಲು ಆಗುತ್ತಿಲ್ಲ.

ಬಿಡಿಸಲು ದಾರಿಗಳು ಇಲ್ಲ ಅಂತ ಅಲ್ಲ. ಸುಮಾರು 500 ಡಿಗ್ರಿ ಬಿಸಿಯ ಕುಲುಮೆಯಲ್ಲಿಟ್ಟು ಆ ಪ್ಲಾಸ್ಟಿಕ್ಕನ್ನು ಸುಡಬಹುದು. ಕಾದ ಅಲಗಿನಿಂದ ಗಾಜನ್ನು ಪದರದಿಂದ ಬೇರೆ ಮಾಡಬಹುದು. ಆಸಿಡ್ಡಿನಲ್ಲಿ ಬೆಳ್ಳಿಯನ್ನು ಕರಗಿಸಿ ತೆಗೆಯಬಹುದು. ಇದೆಲ್ಲಾ ಹೊಗೆ ಹಿಡಿಯುವ ವ್ಯವಸ್ಥೆ ಇರುವ ಕಾರ್ಖಾನೆಯೊಳಗೆ ಆಗಬೇಕಾದ ಕೆಲಸ. ಯಾಕೆಂದರೆ ತುಂಬಾ ಪ್ಯಾನೆಲ್‌ಗಳ ಬೆನ್ನಿನ ಬಿಳಿ ಹಾಳೆಯಲ್ಲಿ ಫ್ಲೋರಿನ್ ಇರುವ ಪ್ಲಾಸ್ಟಿಕ್ ಇದೆ, ಬಯಲಲ್ಲಿ ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಬರುತ್ತದೆ, ಅದು ಕಣ್ಣು, ಗಂಟಲು, ಶ್ವಾಸಕೋಶ ಎಲ್ಲವನ್ನೂ ಸುಡುವ ವಿಷ. ಬಿಲ್ಲೆಗಳನ್ನು ಜೋಡಿಸುವ ಬೆಸುಗೆಯಲ್ಲಿ ಸೀಸ ಇದೆ, ಒಂದು ಪ್ಯಾನೆಲ್‌ನಲ್ಲಿ ಕೆಲವು ಗ್ರಾಂ. ಪ್ಯಾನೆಲ್ ಗಟ್ಟಿಯಾಗಿ ಇರುವವರೆಗೂ ಅದು ಎಲ್ಲೂ ಹೋಗುವುದಿಲ್ಲ, ತಾರಸಿ ಮೇಲಿದ್ದರೆ ಹೆದರಬೇಕಾಗಿಲ್ಲ. ಪುಡಿ ಮಾಡಿ ಗುಂಡಿಗೆ ಸುರಿದು ಅದರ ಮೇಲೆ ಮಳೆ ಬಿದ್ದರೆ ಮಾತ್ರ ಕಥೆ ಬೇರೆ.

ಇನ್ನು ಲೆಕ್ಕದ ವಿಷಯ. ಕಾನೂನು ಬರೆಯುವವರು ದಯವಿಟ್ಟು ಇದನ್ನು ಎರಡು ಸಲ ಓದಿ.

ಮಾಮೂಲಿ ಸಿಲಿಕಾನ್ ಪ್ಯಾನೆಲ್ ಸುಮಾರು 20 ಕೆಜಿ ತೂಗುತ್ತದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಗಾಜೇ 15 ಕೆಜಿ. ಅಲ್ಯೂಮಿನಿಯಂ ಫ್ರೇಮ್ ಒಂದೂವರೆ ಕೆಜಿಯ ಆಸುಪಾಸು. ಪ್ಲಾಸ್ಟಿಕ್ ಎರಡು ಕೆಜಿ. ಸಿಲಿಕಾನ್ ಒಂದು ಕೆಜಿಯೊಳಗೆ. ತಾಮ್ರ ಇನ್ನೂರು ಗ್ರಾಂ ಇರಬಹುದು. ಬೆಳ್ಳಿ? ಕೆಲವೇ ಗ್ರಾಂ, ಬಿಲ್ಲೆಯ ಮೇಲೆ ಕೂದಲೆಳೆಯ ಹಾಗೆ ಕಾಣುವ ಗೆರೆಗಳಲ್ಲಿ.

ಯುರೋಪಿನ ಒಕ್ಕೂಟ 2012ರಲ್ಲೇ ಸೋಲಾರ್ ಪ್ಯಾನೆಲ್‌ಗಳನ್ನು ಇ-ತ್ಯಾಜ್ಯ ಕಾನೂನಿನೊಳಗೆ ತಂದಿತು. ಮಾಡಿದವರೇ, ಆಮದು ಮಾಡಿದವರೇ ವಾಪಸ್ ತಗೊಂಡು ವಿಲೇವಾರಿ ಮಾಡಬೇಕು ಅಂದಿತು. ಈ ವಿಷಯದಲ್ಲಿ ಬೇರೆಯವರಿಗಿಂತ ಅವರು ಮುಂದೆ, ಒಪ್ಪುತ್ತೇನೆ. 2018ರ ಆಗಸ್ಟ್‌ನಿಂದ ಅಲ್ಲಿನ ಗುರಿ ಏನಪ್ಪಾ ಅಂದರೆ ತೂಕದ ಲೆಕ್ಕದಲ್ಲಿ 85 ಶೇಕಡಾ ಹೊರತೆಗೆಯಬೇಕು, 80 ಶೇಕಡಾ ಮರುಬಳಕೆಗೋ ರೀಸೈಕಲ್‌ಗೋ ಹೋಗಬೇಕು. ಕೇಳಲು ಭರ್ಜರಿಯಾಗಿದೆ ಅಲ್ವಾ? ಈಗ ಮೇಲಿನ ಲೆಕ್ಕ ಮತ್ತೆ ನೋಡಿ. ಗಾಜು ಮತ್ತು ಫ್ರೇಮ್ ಸೇರಿದರೇ 16.5 ಕೆಜಿ ಆಯ್ತು. ಅಂದರೆ 80ರ ಗಡಿ ಅಲ್ಲಿಗೇ ದಾಟಿತು. ಬೆಳ್ಳಿಯನ್ನು ಮುಟ್ಟಬೇಕಾಗಿಲ್ಲ, ಸಿಲಿಕಾನ್ ಮುಟ್ಟಬೇಕಾಗಿಲ್ಲ. ಫ್ರೇಮ್ ಕಿತ್ತು, ಉಳಿದದ್ದನ್ನು ಪುಡಿ ಮಾಡಿ, ಗಾಜಿನ ಪುಡಿಯನ್ನು ಯಾವುದೋ ಕೆಳದರ್ಜೆ ಕೆಲಸಕ್ಕೆ ಕೊಟ್ಟು "ನಾವು ಕಾನೂನು ಪಾಲಿಸಿದ್ದೇವೆ" ಅಂತ ಸರ್ಟಿಫಿಕೇಟ್ ಅಂಟಿಸಬಹುದು. ನಮ್ಮ ಗುಜರಿಯವರಿಗೂ ಅವರಿಗೂ ವ್ಯತ್ಯಾಸ ಯಂತ್ರದ್ದು ಮಾತ್ರ.

ಗಾಜು ಕೂಡ ಮತ್ತೆ ಪ್ಯಾನೆಲ್ ಗಾಜಾಗಿ ಬರುವುದು ಕಮ್ಮಿ. ಬೆಳಕು ಚೆನ್ನಾಗಿ ಹಾಯಲಿ ಅಂತ ಎಷ್ಟೋ ಪ್ಯಾನೆಲ್ ಗಾಜಿಗೆ ಆಂಟಿಮನಿ ಅನ್ನುವ ಮೂಲಧಾತು ಸೇರಿಸಿರುತ್ತಾರೆ. ಕಿಟಕಿ ಗಾಜು ಮಾಡುವವರಿಗೆ ಅದು ಬೇಡ. ಹಾಗಾಗಿ ಅದು ಗಾಜುನಾರಿಗೋ ರಸ್ತೆಯ ಕೆಳಪದರಕ್ಕೋ ಹೋಗುತ್ತದೆ. ಪ್ಯಾನೆಲ್‌ನಲ್ಲಿ ಆಂಟಿಮನಿ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಅಂತ ರೀಸೈಕಲ್ ಮಾಡುವವನಿಗೆ ಹೇಗೆ ಗೊತ್ತಾಗಬೇಕು? ಲೇಬಲ್‌ನಲ್ಲಿ ವೋಲ್ಟ್ ಇದೆ, ಆಂಪಿಯರ್ ಇದೆ, ವ್ಯಾಟ್ ಇದೆ. ಒಳಗೆ ಏನು ತುಂಬಿದ್ದೀರಿ ಅಂತ ಒಂದು ಸಾಲೂ ಇಲ್ಲ. ಸೀಸ ಎಷ್ಟು, ಬೆಳ್ಳಿ ಎಷ್ಟು, ಬೆನ್ನಿನ ಹಾಳೆ ಯಾವ ಪ್ಲಾಸ್ಟಿಕ್, ಇಷ್ಟನ್ನು ಬರೆಯಲು ಏನು ಕಷ್ಟ? ಬಿಸ್ಕತ್ ಪೊಟ್ಟಣದ ಹಿಂದೆಯೂ ಇದಕ್ಕಿಂತ ಜಾಸ್ತಿ ಮಾಹಿತಿ ಇರುತ್ತದೆ. ಲೇಬಲ್ಲೂ ಬಿಸಿಲಿಗೆ ಮಾಸದಂಥದ್ದು ಇರಲಿ. ನನ್ನ ಒಂದು ಪ್ಯಾನೆಲ್‌ದು ಪೂರ್ತಿ ಬಿಳಿಚಿಕೊಂಡು ಸೀರಿಯಲ್ ನಂಬರ್ ಕೂಡ ಓದಲಾಗುತ್ತಿಲ್ಲ.

ಆ ಕೆಲವು ಗ್ರಾಂ ಬೆಳ್ಳಿಗೆ ಯಾಕೆ ಇಷ್ಟು ಗಲಾಟೆ ಅಂತ ಕೇಳಬಹುದು. ಜಗತ್ತಿನಲ್ಲಿ ಪ್ರತಿ ವರ್ಷ ಬೇಕಾಗುವ ಬೆಳ್ಳಿಯಲ್ಲಿ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಈಗ ಸೋಲಾರ್ ಒಂದಕ್ಕೇ ಹೋಗುತ್ತಿದೆ. ಸಿಲಿಕಾನ್ ಮರಳಿನಷ್ಟು ಸಿಗುತ್ತದೆ ನಿಜ, ಆದರೆ ಅದನ್ನು ಬಿಲ್ಲೆಗೆ ಬೇಕಾದಷ್ಟು ಶುದ್ಧ ಮಾಡಲು ಸಾವಿರಕ್ಕೂ ಮೇಲಿನ ಡಿಗ್ರಿಯ ಕುಲುಮೆ ಬೇಕು, ರಾಶಿ ಕರೆಂಟ್ ಬೇಕು. ಒಂದು ಸಲ ಅಷ್ಟು ಖರ್ಚು ಮಾಡಿ ಶುದ್ಧ ಮಾಡಿದ್ದನ್ನು ಗಾಜಿನ ಪುಡಿ ಜೊತೆ ಬೆರೆಸಿ ರಸ್ತೆಗೆ ಹಾಕುವುದನ್ನು ರೀಸೈಕಲ್ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಆಗುವುದೇ ಇಲ್ಲ ಅನ್ನಬೇಡಿ. ಫ್ರಾನ್ಸಿನ ರೂಸೆ ಊರಿನಲ್ಲಿ 2018ರಲ್ಲೇ ಪ್ಯಾನೆಲ್‌ಗೆಂದೇ ಮೀಸಲಾದ ಘಟಕ ಶುರುವಾಯ್ತು. ಅದೇ ದೇಶದ ಲಾ ಮ್ಯೂರ್‌ನಲ್ಲಿ ಬೆಳ್ಳಿ ಮತ್ತು ಶುದ್ಧ ಸಿಲಿಕಾನ್ ತೆಗೆಯಲೆಂದೇ ಇನ್ನೊಂದು ಘಟಕ 2023ರಲ್ಲಿ ಬಂತು. ತಂತ್ರ ಇದೆ. ಕಾನೂನು ಬರೀ ತೂಕದ ಲೆಕ್ಕ ಕೇಳುತ್ತಿದ್ದರೆ ಅದನ್ನು ಬಳಸುವವರು ಕಮ್ಮಿ, ಅಷ್ಟೆ. ಗುರಿಯನ್ನು ಒಂದೊಂದು ಸಾಮಾನಿಗೂ ಬೇರೆ ಬೇರೆ ಬರೆಯಿರಿ. ಬೆಳ್ಳಿಗೆ ಇಷ್ಟು, ಸಿಲಿಕಾನ್‌ಗೆ ಇಷ್ಟು, ಸೀಸ ಎಲ್ಲಿಗೆ ಹೋಯ್ತು ಅಂತ ತೋರಿಸಲೇಬೇಕು.

ಎಷ್ಟು ಕಸ ಬರುತ್ತದೆ ಅನ್ನುವುದಕ್ಕೆ ಹಳೇ ಅಂದಾಜು ಒಂದಿದೆ. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2016ರಲ್ಲಿ ಕೊಟ್ಟ ವರದಿ ಪ್ರಕಾರ 2050ರ ಹೊತ್ತಿಗೆ ಒಟ್ಟು 6 ಕೋಟಿಯಿಂದ 7.8 ಕೋಟಿ ಟನ್. ಆ ವರದಿ ಬಂದಾಗ ಜಗತ್ತಿನಲ್ಲಿ ಇದ್ದ ಸೋಲಾರ್ ಸುಮಾರು 3 ಲಕ್ಷ ಮೆಗಾವ್ಯಾಟ್. 2022ರಲ್ಲಿ ಅದು 10 ಲಕ್ಷ ದಾಟಿತು, 2024ರ ಕೊನೆಗೆ 20 ಲಕ್ಷದ ಹತ್ತಿರ ಬಂತು. ಎಲ್ಲವೂ 25 ವರ್ಷ ಮುಗಿಸಿಯೇ ಇಳಿಯುತ್ತವೆ ಅಂತಲೂ ಇಲ್ಲ. 2019ರ ಮೇ ತಿಂಗಳಲ್ಲಿ ಅಮೆರಿಕದ ಟೆಕ್ಸಸ್‌ನ ಒಂದು ಸೋಲಾರ್ ಸ್ಥಾವರದ ಮೇಲೆ ಆಲಿಕಲ್ಲು ಮಳೆ ಬಿದ್ದು 4 ಲಕ್ಷ ಪ್ಯಾನೆಲ್ ಹಾಳಾದವು. ಶುರುವಾಗಿ ವರ್ಷ ಕೂಡ ಸರಿಯಾಗಿ ಕಳೆದಿರಲಿಲ್ಲ. ಇನ್ನೊಂದು ಕಡೆ, ಅದೇ ಜಾಗದಲ್ಲಿ ಜಾಸ್ತಿ ಕರೆಂಟ್ ಸಿಗುತ್ತದೆ ಅಂತ ಚೆನ್ನಾಗಿರುವ ಹಳೇದನ್ನು ತೆಗೆದು ಹೊಸದು ಹಾಕುವುದೂ ನಡೆಯುತ್ತಲೇ ಇದೆ. ನಾನೂ ಅದನ್ನೇ ಮಾಡಿದೆ, ಮೂರನೇ ಪ್ಯಾನೆಲ್ ಸಾಕ್ಷಿ.

ನನಗೆ ನಿಜವಾಗಿ ಸಿಟ್ಟು ಬರುವುದು ದುಡ್ಡಿನ ವಿಷಯದಲ್ಲಿ. ಬಿಡಿಸುವ ಖರ್ಚು ಗುಂಡಿಗೆ ಸುರಿಯುವ ಖರ್ಚಿಗಿಂತ ಹಲವು ಪಟ್ಟು ಜಾಸ್ತಿ. ಹೊರಬರುವ ಸಾಮಾನು ಮಾರಿದರೂ ಆ ಖರ್ಚು ಸುಲಭಕ್ಕೆ ಹುಟ್ಟುವುದಿಲ್ಲ. ಹಾಗಾದರೆ ಕೊಡುವವರು ಯಾರು? ಪ್ಯಾನೆಲ್ ಇಳಿಸುವ ದಿನ ಕೇಳಿದರೆ ಯಾರೂ ಕೊಡುವುದಿಲ್ಲ. ಮಾರಿದ ಅಂಗಡಿ ಮುಚ್ಚಿರುತ್ತದೆ, ಮಾಡಿದ ಕಂಪನಿ ಕೈಬದಲಾಗಿರುತ್ತದೆ ಇಲ್ಲವೇ ದಿವಾಳಿ ಎದ್ದಿರುತ್ತದೆ, ಮನೆಯವರ ಹತ್ತಿರ ಆ ಹೊತ್ತಿಗೆ ಅದಕ್ಕೆ ದುಡ್ಡಿರುವುದಿಲ್ಲ. 25 ವರ್ಷದ ವಾರಂಟಿ ಕೊಡುವ ಎಲ್ಲಾ ಕಂಪನಿಗಳೂ 25 ವರ್ಷ ಇರುತ್ತವೆಯಾ? ಅದಕ್ಕೇ ಆ ದುಡ್ಡು ಮಾರುವ ದಿನವೇ ಬಿಲ್ಲಿನಲ್ಲಿ ಸೇರಬೇಕು, ಕಂಪನಿಯ ಕೈಗೆ ಸಿಗದ ಹಾಗೆ ಬೇರೆ ನಿಧಿಯಲ್ಲಿ ಕೂರಬೇಕು.

ಇದೇನು ಹೊಸ ಐಡಿಯಾ ಅಲ್ಲ. ಫಸ್ಟ್ ಸೋಲಾರ್ ಅನ್ನುವ ಅಮೆರಿಕದ ಕಂಪನಿ 2005ರಲ್ಲಿ ತನ್ನ ಪ್ಯಾನೆಲ್‌ಗಳನ್ನು ವಾಪಸ್ ತಗೊಳ್ಳುವ ಯೋಜನೆ ಶುರು ಮಾಡಿದಾಗ, ಮಾರುವ ಹೊತ್ತಿಗೇ ಅದರ ದುಡ್ಡನ್ನು ಎತ್ತಿಡುತ್ತಿತ್ತು. ಅವರದು ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇರುವ ಪ್ಯಾನೆಲ್, ಹಾಗೆ ಮಾಡದಿದ್ದರೆ ಜನ ಒಪ್ಪುತ್ತಿರಲಿಲ್ಲ ಅನ್ನುವುದೂ ಒಂದು ಕಾರಣ ಇರಬೇಕು. ಆಮೇಲೆ ಮೊದಲೇ ಎತ್ತಿಡುವ ಪದ್ಧತಿ ಬಿಟ್ಟು, ಬೇಕಾದಾಗ ದುಡ್ಡು ಕೊಟ್ಟು ಸೇವೆ ತಗೊಳ್ಳಿ ಅನ್ನುವ ಪದ್ಧತಿಗೆ ಬಂದರು. ಸ್ವಂತ ಇಷ್ಟಕ್ಕೆ ಶುರುವಾದದ್ದು ಸ್ವಂತ ಇಷ್ಟಕ್ಕೆ ನಿಲ್ಲುತ್ತದೆ. ಕಾನೂನು ಬೇಕಾಗಿರುವುದು ಅದಕ್ಕೇ.

ಕಾನೂನು ತಡವಾದರೆ ಏನಾಗುತ್ತದೆ ಅಂತ ಯುರೋಪಿನವರನ್ನೇ ಕೇಳಿ. ಜೆಕ್ ದೇಶದ ಒಂದು ಸೋಲಾರ್ ಸ್ಥಾವರದ ಕೇಸಿನಲ್ಲಿ 2022ರ ಜನವರಿಯಲ್ಲಿ ಯುರೋಪಿನ ಒಕ್ಕೂಟದ ಅತ್ಯುನ್ನತ ನ್ಯಾಯಾಲಯ ತೀರ್ಪು ಕೊಟ್ಟಿತು. 2012ರ ಆಗಸ್ಟ್‌ಗೆ ಮೊದಲು ಮಾರಿದ ಪ್ಯಾನೆಲ್‌ಗಳ ವಿಲೇವಾರಿ ಖರ್ಚನ್ನು ಹಿಂದಕ್ಕೆ ಹೋಗಿ ತಯಾರಕರ ತಲೆಗೆ ಕಟ್ಟುವಂತಿಲ್ಲ ಅಂತ. 2024ರಲ್ಲಿ ಒಕ್ಕೂಟದ ಕಾನೂನನ್ನೂ ಅದಕ್ಕೆ ತಕ್ಕ ಹಾಗೆ ತಿದ್ದಿದರು. ನ್ಯಾಯ ಸರಿಯೇ, ಮಾರಿದ ದಿನ ಇಲ್ಲದ ನಿಯಮವನ್ನು ಆಮೇಲೆ ಹೇರಲಾಗದು. ಆದರೆ ಅದರ ಇನ್ನೊಂದು ಮುಖ ನೋಡಿ. ಸ್ಪಷ್ಟ ನಿಯಮ ಇಲ್ಲದೆ ಕಳೆದ ಒಂದೊಂದು ವರ್ಷವೂ, ಆ ವರ್ಷ ಮಾರಾಟವಾದ ಅಷ್ಟೂ ಪ್ಯಾನೆಲ್‌ಗಳನ್ನು ಖಾಯಮ್ಮಾಗಿ ಅನಾಥ ಮಾಡುತ್ತದೆ. ಇವತ್ತು ನೀವು ಕಡತ ಪಕ್ಕಕ್ಕಿಟ್ಟರೆ ನಾಳೆ ಹಿಂದಕ್ಕೆ ಹೋಗಿ ಸರಿ ಮಾಡಲು ಆಗುವುದಿಲ್ಲ. "ಇನ್ನೂ ಕಸ ಬಂದಿಲ್ಲವಲ್ಲ, ಆಮೇಲೆ ನೋಡೋಣ" ಅನ್ನುವ ಮಾತಿಗೆ ನನ್ನ ತಕರಾರು ಇದೇ. ಕಸ ಇಳಿಯುವುದು ಆಮೇಲೆ ಇರಬಹುದು, ಅದಕ್ಕೆ ವಾರಸುದಾರ ಸಿಗುವ ಅವಕಾಶ ತಪ್ಪುವುದು ಈಗಲೇ.

ಭಾರತದ 2022ರ ಇ-ತ್ಯಾಜ್ಯ ನಿಯಮದಲ್ಲೂ ಪ್ಯಾನೆಲ್‌ಗಳಿವೆ, ಅಲ್ಲಿ ತಯಾರಕರು 2034-35ರವರೆಗೆ ಹಳೇ ಪ್ಯಾನೆಲ್‌ಗಳನ್ನು ಸಂಗ್ರಹಿಸಿ ಇಟ್ಟುಕೊಳ್ಳಬೇಕು ಅಂತ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2019ರ ಜುಲೈಯಿಂದ ಇ-ತ್ಯಾಜ್ಯವನ್ನು ಗುಂಡಿಗೆ ಹಾಕುವುದನ್ನೇ ನಿಷೇಧಿಸಿತು, ಪ್ಯಾನೆಲ್ಲೂ ಅದರಲ್ಲಿ ಸೇರಿದೆ. ಕೂಡಿಡಿ ಅನ್ನುವುದು, ಗುಂಡಿಗೆ ಬೇಡ ಅನ್ನುವುದು ಒಳ್ಳೆಯದೇ. ಆದರೆ ಎಲ್ಲಿ ಹಾಕಬಾರದು ಅಂತ ಮಾತ್ರ ಹೇಳಿ, ಎಲ್ಲಿ ಕೊಡಬೇಕು ಅಂತ ಹೇಳದಿದ್ದರೆ ಜನ ಏನು ಮಾಡುತ್ತಾರೆ ಗೊತ್ತಲ್ಲ. ರಾತ್ರಿ ಹೊತ್ತು ಗಾಡಿಯಲ್ಲಿ ತಗೊಂಡು ಹೋಗಿ ಯಾವುದೋ ಹಳ್ಳಕ್ಕೆ ತಳ್ಳುತ್ತಾರೆ. ದೊಡ್ಡ ಸ್ಥಾವರದವರಿಗೆ ಲಾರಿಗಟ್ಟಲೆ ಪ್ಯಾನೆಲ್ ಇರುತ್ತದೆ, ಅವರ ಹತ್ತಿರ ರೀಸೈಕಲ್ ಮಾಡುವವರೇ ಬರುತ್ತಾರೆ. ಮೂರು ಪ್ಯಾನೆಲ್ ಇಟ್ಟುಕೊಂಡ ನನ್ನಂಥವರ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಹೊಸ ಪ್ಯಾನೆಲ್ ತರುವ ಗಾಡಿ ಖಾಲಿ ವಾಪಸ್ ಹೋಗುತ್ತದಲ್ಲ, ಅದರಲ್ಲೇ ಹಳೇದನ್ನು ಒಯ್ಯಲೇಬೇಕು ಅಂತ ಒಂದು ಸಾಲು ಬರೆಯಿರಿ, ಅರ್ಧ ಸಮಸ್ಯೆ ಅಲ್ಲೇ ಕಮ್ಮಿ ಆಗುತ್ತದೆ.

ಮಾಡುವವರಿಗೆ ಒಂದು ಕೋರಿಕೆ. ಹೊಸ ಡಿಸೈನ್ ಮಾಡುವಾಗ ಬಿಡಿಸುವವನನ್ನೂ ಒಮ್ಮೆ ಕೂರಿಸಿಕೊಂಡು ಮಾತಾಡಿ. ಸೀಸ ಇಲ್ಲದ ಬೆಸುಗೆ ಇದೆ, ಫ್ಲೋರಿನ್ ಇಲ್ಲದ ಹಾಳೆ ಇದೆ, ಕೆಲವರು ಆಗಲೇ ಬಳಸುತ್ತಿದ್ದಾರೆ. ಬೆಲೆ ಸ್ವಲ್ಪ ಜಾಸ್ತಿ ಆಗಬಹುದು. ವ್ಯಾಟ್ ಲೆಕ್ಕದಲ್ಲಿ ಅಷ್ಟು ಪೈಪೋಟಿ ಮಾಡುವ ನೀವು ಇದರಲ್ಲೂ ಸ್ವಲ್ಪ ಮಾಡಿ, ನೋಡೋಣ.

ಸದ್ಯಕ್ಕೆ ನಾನು ಮಾಡಿರುವುದು ಇಷ್ಟು. ಒಡೆದ ಪ್ಯಾನೆಲ್‌ಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಹಾಕಿದ್ದೇನೆ, ಮಳೆ ನೀರು ಒಳಗೆ ಇಳಿಯಬಾರದು ಅಂತ. ಮೂರಕ್ಕೂ ಸೇರಿಸಿ ಹಳೇ ಕಂಬಳಿ ಹೊದಿಸಿದ್ದೇನೆ, ಮಕ್ಕಳು ಅಪ್ಪಿತಪ್ಪಿ ವೈರ್ ಮುಟ್ಟಬಾರದು ಅಂತ. ವೈರ್ ಕತ್ತರಿಸಲು ಬಿಟ್ಟಿಲ್ಲ. ಗುಜರಿಯವರು ಇನ್ನೊಂದು ಸಲ ಬಂದು ಕೇಳಿ ಹೋದರು. ಮುಂದಿನ ಸಲ ಬಂದಾಗ ಬೇಡ ಅನ್ನಲು ನನ್ನ ಹತ್ತಿರ ಒಂದು ವಿಳಾಸ ಇರಲಿ. ಎಲ್ಲಿಗೆ ತರಬೇಕು ಅಂತ ಬರೆಯಿರಿ, ಗಾಡಿ ಬಾಡಿಗೆ ನಾನೇ ಕೊಡುತ್ತೇನೆ.

ಇಂತಿ,
ಮೂರು ಹಳೇ ಪ್ಯಾನೆಲ್‌ಗಳ ಮಾಲೀಕ